ಅತ್ತೆಯ ಸೀಸೆ

ಒರೂರೊ, 14 ಆಗಸ್ಟ್ 1991

ಅಕ್ಕಾ ಬಸೀಲಿಯಾ, ಒಲೆಯ ಹತ್ತಿರ ಕೂತು ಓದು, ಮಧ್ಯದಲ್ಲಿ ಎದ್ದು ಹೋಗಬೇಡ.

ನಿನ್ನ ಕಾಗದ ಓದಿ ತಲೆ ಚಚ್ಚಿಕೊಂಡೆ. ಬಸುರಿಯಾದ ನಿನ್ನ ಮೂತ್ರ ಪರೀಕ್ಷೆಗೆಂದು ನರ್ಸ್ ಸೀಸೆ ಕೊಟ್ಟರೆ, ನೀನು ನಿನ್ನ ಅತ್ತೆಯದನ್ನು ತುಂಬಿ ಕಳಿಸಿದ್ದೀಯ. "ನಮ್ಮ ನೀರು ಗೊತ್ತಿಲ್ದೋರ ಕೈಗೆ ಸಿಕ್ರೆ ಮಾಟ ಮಾಡ್ತಾರೆ ಕಣೇ, ಮುದುಕಿಗಾದ್ರೆ ಏನಾಗತ್ತೆ" ಅಂತ ಬೇರೆ ಬರೆದಿದ್ದೀಯ. ಭಲೇ ಸೊಸೆ.

ಈಗ ಆ ಸೀಸೆಯಲ್ಲಿ ಕ್ರಿಮಿ ಸಿಕ್ಕಿದೆ. ನಿನ್ನ ಹೆಸರಿಗೆ ಬಂದ ಮಾತ್ರೆಗಳನ್ನು ನೀನು ಬಹಳ ನ್ಯಾಯವಾಗಿ ನಿನ್ನ ಅತ್ತೆ ದೋನ್ಯಾ ಪೆತ್ರೋನಾಗೆ ನುಂಗಿಸಿದ್ದೀಯ. ಪಾಪ, ಅವಳ ಹೊಟ್ಟೆ ಕೆಟ್ಟು ಆಲೂಗಡ್ಡೆ ಸಾರೂ ನಿಲ್ಲುತ್ತಿಲ್ಲ. ಉರಿ, ಜ್ವರ ಏನೂ ಇಲ್ಲದ ಮುದುಕಿಯ ಮೂತ್ರದಲ್ಲಿ ಕ್ರಿಮಿಯಿದ್ದರೆ ಸುಮ್ಮನೆ ಬಿಡಬಹುದು, ಬಸುರಿಯದಾದರೆ ಬಿಡಬಾರದು ಎಂದು ನಾನು ಕಳಿಸಿದ ಕರಪತ್ರದಲ್ಲೇ ಇತ್ತು. ಅದರಲ್ಲಿ ನೀನು ಒಲೆ ಹೊತ್ತಿಸಿರಬೇಕು.

"ನಂಗೆ ನೋವಿಲ್ಲ, ಉರಿಯಿಲ್ಲ. ದೋನ್ ಅನಕ್ಲೇತೊ ನನ್ನ ನೀರನ್ನ ಬಿಸಿಲಿಗೆ ಹಿಡಿದು, ಒರತೆ ನೀರಿನ ಹಂಗಿದೆ ಅಂದ" ಎನ್ನುತ್ತೀಯ. ಆ ನಾಟಿ ವೈದ್ಯನ ಕಣ್ಣಿಗೆ ಕ್ರಿಮಿ ಕಾಣುವುದಾದರೆ ಸೂಕ್ಷ್ಮದರ್ಶಕವನ್ನು ಯಾಕೆ ಮಾಡಿದರು? ಹೋದ ಸಲ ಬಸುರಾದಾಗಲೂ ನಿನಗೆ ನೋವಿರಲಿಲ್ಲ. ಏಳನೇ ತಿಂಗಳಲ್ಲಿ ಜ್ವರ, ನಡುಕ, ಸೊಂಟನೋವು ಒಟ್ಟಿಗೇ ಬಂದವು. ಅವ್ವ "ತಣ್ಣನೆ ಕಲ್ಲಿನ ಮೇಲೆ ಕೂತಿದ್ದಕ್ಕೇ ಆಗಿದ್ದು" ಅಂದಳು. ತಿಂಗಳು ತುಂಬದೆ ಹುಟ್ಟಿದ ಮಗು ಒಂದು ಹಗಲು ಬದುಕಿತು. ನಾವು ಕಲ್ಲನ್ನು ಬೈದು ಸುಮ್ಮನಾದೆವು.

ಬಡವರ ಮಕ್ಕಳ ಸಾವು ವಿಧಿಯಲ್ಲ ಎಂದು ನಾನಿಲ್ಲಿ ಗಣಿ ಕಾಲೋನಿಯ ಗೋಡೆಗಳ ಮೇಲೆಲ್ಲ ಬರೆಯುತ್ತಿದ್ದೇನೆ. ನನ್ನ ಸ್ವಂತ ಅಕ್ಕನ ಕೈಲಿ ಒಂದು ಸೀಸೆ ತುಂಬಿಸಲು ನನ್ನಿಂದ ಆಗುತ್ತಿಲ್ಲ.

ಉಳಿದ ಮಾತ್ರೆ ಯಾರೂ ನುಂಗಬೇಡಿ. ನರ್ಸ್‌ಗೆ ನಿಜ ಹೇಳು. ನಿನ್ನದೇ ಮೂತ್ರ ಕೊಡು.

ಬೈದರೂ ನಿನ್ನವಳೇ ಆದ,
ಎವ್ಲೋಹಿಯಾ

ತಾ.ಕ.: ಅಂಚೆಗೆ ಹಾಕಲು ಹೊರಟಾಗ ಇಲ್ಲಿಯ ಸಂತೆಗೆ ಬಂದಿದ್ದ ದೋನ್ ಅನಕ್ಲೇತೊ ಸಿಕ್ಕ. ನೀನು ಕೇಳುವುದು ಅವನ ಮಾತನ್ನು ಮಾತ್ರ, ಹಾಗಾಗಿ ನಿನ್ನನ್ನು ಒಪ್ಪಿಸು ಎಂದು ಅವನನ್ನೇ ಬೇಡಿಕೊಂಡೆ. "ಮೊದ್ಲು ನಿನ್ನ ನೀರು ತೋರ್ಸು, ಆಮೇಲೆ ಮಾತು" ಅಂದ. ಕೊಟ್ಟೆ. ಬಿಸಿಲಿಗೆ ಹಿಡಿದು ನೋಡಿ, "ಇದ್ರಲ್ಲಿ ಕೋಪ ಎಲ್ಲಿದೆ ಮಗಳೇ? ಬರೀ ಹೆದರಿಕೆ" ಅಂದು ಒಪ್ಪಿಕೊಂಡ. ಗುರುವಾರ ನಿನ್ನ ಸೀಸೆಯನ್ನು ತನ್ನ ಕಂಬಳಿಯೊಳಗಿಟ್ಟುಕೊಂಡು ಅವನೇ ನರ್ಸ್ ಬಳಿಗೆ ಒಯ್ಯುತ್ತಾನೆ, ಮಾಟ ತಗುಲದಂತೆ ಪಕ್ಕದಲ್ಲೇ ಕೂರುತ್ತಾನೆ. ಅವನು ನನ್ನ ನೀರಿನಲ್ಲಿ ಓದಿದ್ದು ತಪ್ಪೆಂದು ಹೇಳಲು ನನ್ನ ಯಾವ ಕರಪತ್ರದಲ್ಲೂ ಏನೂ ಸಿಗಲಿಲ್ಲ.