ಗಾಳಿ ಸುಳಿಯದ ಜಾಗ

ಸೆಪ್ಟೆಂಬರ್ 9, ಸೋಮವಾರ. ಸಂಜೆ 7.

ಅಮ್ಮನ ಆರು ಗಂಟೆಯದು ಮುಗಿಯಿತು. ಹೊರಬಂದ ನೀರು ತಿಳಿ. ಎಂದಿನಂತೆ ಚೀಲವನ್ನು ಪೇಪರಿನ ಮೇಲಿಟ್ಟು ನೋಡಿದೆ, ಅಡಿಯ ಅಕ್ಷರಗಳೆಲ್ಲ ಓದಲು ಬಂದವು. ಸರಿ.

ಅಮ್ಮನ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷ. ದಿನಕ್ಕೆ ನಾಲ್ಕು ಸಲ ‘ಹೊಟ್ಟೆ ತೊಳೆಯುವುದು’ — ನಳಿಕೆಯಿಂದ ಹಳೇ ನೀರು ಹೊರಗೆ, ಎರಡು ಲೀಟರ್ ಔಷಧಿ ನೀರು ಒಳಗೆ. ಈ ನಾಲ್ಕು ವರ್ಷದಲ್ಲಿ, ಆಸ್ಪತ್ರೆ ಬಿಟ್ಟರೆ, ಇಬ್ಬರೂ ಒಂದು ರಾತ್ರಿಯೂ ಹೊರಗೆ ಮಲಗಿದ್ದಿಲ್ಲ. ಈಗ ಮೂರು ದಿನ ರಜೆ. ಚೆಂಗ್ ಚಾವ್ ದ್ವೀಪ, ಮನೆಯಿಂದ ಎರಡು ಗಂಟೆಯ ದಾರಿ, ಅಷ್ಟೇ. ಬುಧವಾರ ಮಧ್ಯಾಹ್ನದವರೆಗೆ ಸಾಲುವಷ್ಟು ಔಷಧಿ ನೀರಿನ ಚೀಲ, ಮೇಲೆ ಎರಡು, ತಳ್ಳುಗಾಡಿಯಲ್ಲಿ ಎಳೆದು ತಂದೆ. ಅಮ್ಮನ ಪೆಟ್ಟಿಗೆ ಬೇರೆ ಕಲ್ಲು ತುಂಬಿದ ಹಾಗೆ. ಏನಿದೆ ಅಂದರೆ ಸ್ವೆಟರ್ ಅಂತೆ. ಸೆಪ್ಟೆಂಬರಿನಲ್ಲಿ.

ನಾವು ಇಳಿದುಕೊಂಡ ಮನೆಯ ಒಡತಿ ಕ್ವಾನಕ್ಕ ಬಾಯಲ್ಲಿ ಸಿಗರೇಟು ಕಚ್ಚಿಕೊಂಡೇ ಮಾತಾಡುತ್ತಾಳೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮಾಸ್ಕ್ ಹಾಕಿ ಕೂತಿದ್ದು ನೋಡಿ ನಕ್ಕಳು. “ಸಮುದ್ರದ ಗಾಳಿಗೆ ಅಂತ ಬಂದು ಕಿಟಕಿ ಮುಚ್ಕೊಂಡು ಬೇಯ್ತಾ ಇದೀರಲ್ಲ.” ನಳಿಕೆ ಜೋಡಿಸುವಾಗ ಗಾಳಿ ಸುಳಿದರೆ ಹೊಟ್ಟೆಯೊಳಗೆ ಸೋಂಕು ಎಂದು ವಿವರಿಸಿದೆ. ಹೋದ ವರ್ಷ ಹಾಗೇ ಆಗಿ ಮೂರು ವಾರ ಆಸ್ಪತ್ರೆ. ಮತ್ತೊಮ್ಮೆ ಬಂದರೆ ತಡೆದುಕೊಳ್ಳುವುದು ಕಷ್ಟ ಎಂದಿದ್ದಾರೆ ಡಾಕ್ಟರು.

ಒಂದು ಮಾತು. ಚಂಡಮಾರುತ ಬರುತ್ತಿದೆ ಎಂದು ಭಾನುವಾರವೇ ಟಿವಿಯಲ್ಲಿ ನೋಡಿದ್ದೆ. ಅಮ್ಮನಿಗೆ ಹೇಳಲಿಲ್ಲ. ಈ ರಜೆ ಬಿಟ್ಟರೆ ಮುಂದಿನ ವರ್ಷ. ಮುಂದಿನ ವರ್ಷ ಅನ್ನುವ ಮಾತು ಅಮ್ಮನ ಮಟ್ಟಿಗೆ…

ಇವತ್ತು ಚಂಡಮಾರುತದ ಎಚ್ಚರಿಕೆ ಒಂದನೇ ಸಿಗ್ನಲ್. ಎಷ್ಟೋ ಸಲ ಅಲ್ಲಿಗೇ ನಿಂತಿದೆ.

ಸೆಪ್ಟೆಂಬರ್ 10, ಮಂಗಳವಾರ. ಬೆಳಿಗ್ಗೆ 10.

ನಿಲ್ಲಲಿಲ್ಲ. ಮೂರನೇ ಸಿಗ್ನಲ್. ಎರಡು ಗಂಟೆಯೊಳಗೆ ಎಂಟನೆಯದು ಏರಿಸುತ್ತಾರಂತೆ. ಎಂಟು ಏರಿದರೆ ಫೆರಿ ಬಂದ್. ಊರಿಗೆಲ್ಲ ಪುಕ್ಕಟೆ ರಜೆ. ರಜೆ ಬರೆದುಕೊಟ್ಟು ಬಂದ ನನ್ನಂಥವಳು ಪೆದ್ದಿ.

ಜೆಟ್ಟಿಗೆ ಓಡಿ ನೋಡಿ ಬಂದೆ. ಕ್ಯೂ ಮೀನು ಮಾರ್ಕೆಟ್ ದಾಟಿದೆ, ಮೂರು ಗಂಟೆಯಾದರೂ ಬೇಕು. ಹನ್ನೆರಡಕ್ಕೆ ಹೊಟ್ಟೆ ತೊಳೆಯಬೇಕು. ಆದರೂ ಹೊರಡೋಣ ಎಂದೆ.

ಅಮ್ಮ ಮಂಚ ಬಿಟ್ಟು ಏಳಲಿಲ್ಲ. “ಜೆಟ್ಟಿ ಮೇಲೆ ನಿಂತ್ಕೊಂಡು ತೊಳೀತೀಯಾ ನನ್ ಹೊಟ್ಟೇನ? ಇದು ಕಾಂಕ್ರೀಟ್ ಮನೆ ಕಣೇ. ಇಲ್ಲೇ ಇರೋಣ.”

ಸರಿ. ಇದ್ದೇವೆ. ಇದ್ದ ಮೇಲೆ ನೆಟ್ಟಗೆ ಇರಬೇಕು.

ಮಧ್ಯಾಹ್ನ 3.

ಎಂಟು ಏರಿತು. ಕಿಟಕಿ ಗಾಜಿಗೆ ಅಡ್ಡಡ್ಡ ಟೇಪ್ ಹಚ್ಚಿದೆ. ಮಂಚ ಗೋಡೆಗೆ ಎಳೆದೆ. ಬಕೆಟ್, ಪಾತ್ರೆ, ಕೆಟಲ್ — ಎಲ್ಲಕ್ಕೂ ನೀರು. ಟಾರ್ಚ್ ಎರಡು. ಚೀಲಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟೆ. ದ್ವೀಪದ ಆಸ್ಪತ್ರೆಗೆ ಹತ್ತು ನಿಮಿಷದ ನಡಿಗೆ, ಆದರೆ ಗಾಳಿಯಲ್ಲಿ ಯಾರೂ ಹೊರಗೆ ಕಾಲಿಡುವಂತಿಲ್ಲ. ನಮ್ಮ ನರ್ಸಿಗೆ ಫೋನ್ ಮಾಡಿದೆ. ಗಾಳಿ ನುಗ್ಗುವ ಕೋಣೆಯಲ್ಲಿ ಜೋಡಿಸಲೇಬೇಡಿ, ಒಂದು ಸಲ ತಪ್ಪಿದರೆ ನಡೆಯುತ್ತದೆ, ಎರಡು ಸಲ ತಪ್ಪಿಸಬೇಡಿ ಎಂದಳು.

ಒಂದು ತಪ್ಪಬಹುದು. ಎರಡು ಇಲ್ಲ. ಗೋಡೆಗೆ ಬರೆದು ಅಂಟಿಸಿದ್ದೇನೆ.

ಸೆಪ್ಟೆಂಬರ್ 11, ಬುಧವಾರ. ಬೆಳಿಗ್ಗೆ 8.

ಕರೆಂಟ್ ಇಲ್ಲ. ಕಿಟಕಿ ಚೌಕಟ್ಟಿನ ಸಂದಿನಿಂದ ಗಾಳಿಯ ಸಿಳ್ಳೆ. ಟಿಶ್ಯೂ ಕಾಗದ ಎತ್ತಿ ಹಿಡಿದರೆ ಕೋಣೆಯ ಯಾವ ಮೂಲೆಯಲ್ಲೂ ನೆಟ್ಟಗೆ ನಿಲ್ಲುತ್ತಿಲ್ಲ. ಆರು ಗಂಟೆಯದು ಬಿಟ್ಟೆ.

ಆ ಒಂದು ಮುಗಿಯಿತು.

ಮಧ್ಯಾಹ್ನ 2.

ಈಗಷ್ಟೇ ಕೂತು ಬರೆಯುತ್ತಿದ್ದೇನೆ.

ಹನ್ನೊಂದಕ್ಕೆ ಗಾಜು ಒಡೆಯಿತು. ಪಕ್ಕದ ಮಹಡಿಯ ತಗಡು ಬಂದು ಬಡಿದದ್ದು. ಅಮ್ಮನಿಗೆ ಕಂಬಳಿ ಹೊದಿಸಿ, ಚೀಲ ಕಂಕುಳಲ್ಲಿಟ್ಟುಕೊಂಡು, ಮೂರು ಮಹಡಿ ಇಳಿಸಿಕೊಂಡು ಬಂದೆ. ಅಮ್ಮನಿಗೆ ಆಗಲೇ ಕಾಲು ಊದಿತ್ತು, ಮೆಟ್ಟಿಲಿಗೊಮ್ಮೆ ಏದುಸಿರು. ಕೆಳಗೆ ಹಾಲ್. ಕ್ವಾನಕ್ಕ, ಅವಳ ಮಾಜಾಂಗ್ ಆಟದ ಮೇಜು, ಬಾಡಿಗೆಗೆ ಬಂದ ಒಂದು ಕಾಲೇಜು ಜೋಡಿ. ಅಲ್ಲೂ ಬಾಗಿಲಡಿಯಿಂದ ಗಾಳಿ. ಕಾಗದ ಹಿಡಿದು ಇಡೀ ಮನೆ ಸುತ್ತಿದೆ. ಅಡುಗೆಮನೆ — ಹಾರಾಡಿತು. ಕಾರಿಡಾರ್ — ಹಾರಾಡಿತು. ಕ್ವಾನಕ್ಕ ಆಟದ ಬಿಲ್ಲೆ ಕೈಬಿಡದೆ ನನ್ನನ್ನೇ ನೋಡುತ್ತಿದ್ದಳು. ಏನು ಹುಡುಕುತ್ತೀ ಎಂದಳು. ಗಾಳಿ ಇಲ್ಲದ ಜಾಗ ಎಂದೆ.

ಅವಳು ಸಿಗರೇಟು ಆರಿಸಿದಳು. ಮೊದಲ ಸಲ ನೋಡಿದ್ದು.

ಮೆಟ್ಟಿಲ ಕೆಳಗೆ ಉಗ್ರಾಣ. ಅಕ್ಕಿ, ಟಾಯ್ಲೆಟ್ ಪೇಪರ್, ಒಣ ಸಿಗಡಿಯ ವಾಸನೆ. ಕಿಟಕಿ ಇಲ್ಲ. ಇಬ್ಬರೂ ಸಾಮಾನು ಹೊರಗೆ ಎಸೆದೆವು. ಗೋಡೆಯನ್ನು, ಸ್ಟೂಲನ್ನು ಅವಳೇ ಸ್ಪಿರಿಟ್ ಹಾಕಿ ಒರೆಸಿದಳು. ಧೂಳು ಕೂರಲಿ ಎಂದು ಹದಿನೈದು ನಿಮಿಷ ಕಾದೆ. ಕಾಗದ ಹಿಡಿದೆ.

ಅಲ್ಲಾಡಲಿಲ್ಲ.

ಕ್ವಾನಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಹೊರಗೆ ಕೂತಳು. ಆ ಜೋಡಿಗೆ ಹೇಳಿದ್ದು ಒಳಗೆ ಕೇಳಿಸಿತು. “ಒಂದು ಗಂಟೆ ಯಾರಾದ್ರೂ ಬೀದಿ ಬಾಗಿಲು ತೆಗೆದ್ರೆ ಕೈ ಮುರೀತೀನಿ. ಮನೆ ಬೀಳ್ತಿದ್ರೂ ಅಷ್ಟೇ.”

ಬಾಯಲ್ಲಿ ಟಾರ್ಚ್ ಕಚ್ಚಿದರೆ ಮಾಸ್ಕ್ ಕೂರುವುದಿಲ್ಲ. ಅಮ್ಮನೇ ಹಿಡಿದಳು. ಬೆಳಕು ನಳಿಕೆಯ ಬಾಯಿ ಬಿಟ್ಟು ಸರಿಯಲಿಲ್ಲ. ಕೈ ತೊಳೆದೆ, ಮತ್ತೆ ತೊಳೆದೆ. ಮುಚ್ಚಳ ತೆಗೆದೆ. ಜೋಡಿಸಿದೆ. ಮೂರು ಸೆಕೆಂಡು ಇರಬಹುದು. ಆ ಮೂರು ಸೆಕೆಂಡಿನಲ್ಲೇ ಮೇಲೆ ಏನೋ ಧಡ್ ಎಂದು ಬಿತ್ತು, ಕಾಲಿನ ಹತ್ತಿರ ತಣ್ಣಗೆ ಏನೋ ಸೋಕಿದ ಹಾಗಾಯಿತು.

ಗಾಳಿಯೋ, ನನ್ನ ಹೆದರಿಕೆಯೋ. ಒಂದು ದಿನ ಕಳೆಯದೆ ಗೊತ್ತಾಗುವುದಿಲ್ಲ. ಸೋಂಕು ತಗುಲಿದ್ದರೆ ನೀರು ಮಬ್ಬಾಗಿ ಬರುತ್ತದೆ, ಅಡಿಯ ಅಕ್ಷರ ಕಾಣುವುದಿಲ್ಲ.

ಸೆಪ್ಟೆಂಬರ್ 12, ಗುರುವಾರ. ಮಧ್ಯಾಹ್ನ 12.30.

ಮೂರನೇ ಸಿಗ್ನಲಿಗೆ ಇಳಿದಿದೆ. ಫೆರಿ ಎರಡು ಗಂಟೆಗೆ ಶುರು. ಕರೆಂಟ್ ಇನ್ನೂ ಇಲ್ಲ. ಬೆಳಗಿನ ನೀರನ್ನು ಟಾರ್ಚಿನಲ್ಲಿ ನೋಡಿದರೆ ಏನೂ ತಿಳಿಯಲಿಲ್ಲ. ಅದರೊಂದಿಗೆ ನಾನು ತಂದ ಚೀಲಗಳೂ ಮುಗಿದವು. ಖಾಲಿ ಪ್ಲಾಸ್ಟಿಕ್ ಮಡಚುತ್ತಾ ನಿಂತಿದ್ದೆ. ಅಮ್ಮ ಮೇಲಿನಿಂದ ತನ್ನ ಪೆಟ್ಟಿಗೆ ತರಿಸಿ, ತೆರೆ ಎಂದಳು. ಸ್ವೆಟರಿನ ಕೆಳಗೆ ನಾಲ್ಕು ಚೀಲ. ಇವನ್ನು ಯಾಕೆ ತಂದೆ ಎಂದರೆ, ಮೊದಲು ಕೈ ತೊಳಿ ಎಂದಳು.

ಈಗ ಉಗ್ರಾಣದಲ್ಲೇ ಮುಗಿಸಿ ಹಾಲಿಗೆ ಬಂದಿದ್ದೇವೆ. ಹೊರಬಂದ ಚೀಲ ಕೈಯಲ್ಲಿದೆ, ಬಾಗಿಲ ಬೆಳಕೂ ಇದೆ. ಪೇಪರ್ ಇಲ್ಲ — ಎರಡು ದಿನದಿಂದ ಫೆರಿ ಇಲ್ಲದೆ ಪೇಪರ್ ಎಲ್ಲಿಂದ. ಇದ್ದದ್ದು ಕಿಟಕಿಯ ಜೊತೆ ಹೋಯಿತು. ಅಮ್ಮ, ಅಕ್ಷರ ಇದ್ದರೆ ಸಾಕಲ್ಲ, ಈ ಪುಸ್ತಕ ಕೊಡು ಎನ್ನುತ್ತಿದ್ದಾಳೆ. ಬೇಡ ಎಂದೆ. ಕೈ ಚಾಚಿಕೊಂಡೇ ಇದ್ದಾಳೆ.

12.50.

ಕೊಟ್ಟೆ. ಸೋಮವಾರದ ಪುಟ ತೆರೆದು ಮೇಲೆ ಚೀಲ ಇಟ್ಟಳು. ನಾನು ನೋಡಲಿಲ್ಲ, ಆಗಲಿಲ್ಲ. ಬೆರಳಿಟ್ಟು, ಶಾಲೆಯ ಹುಡುಗಿಯ ಹಾಗೆ ಬಿಡಿಸಿ ಬಿಡಿಸಿ ಓದಿದಳು.

“ಭಾನುವಾರವೇ… ಟಿವಿಯಲ್ಲಿ ನೋಡಿದ್ದೆ. ಅಮ್ಮನಿಗೆ… ಹೇಳಲಿಲ್ಲ.”

ಒಂದಕ್ಷರವೂ ತಪ್ಪಲಿಲ್ಲ. ನೀರು ತಿಳಿ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

“ಅಳೋದ್ಯಾಕೆ? ಮನೇಲಿರೋದು ಒಂದೇ ಟಿವಿ. ನಿನ್ ಹಿಂದೇನೇ ಕೂತು ನಾನೂ ನೋಡ್ದೆ. ಹೇಳಿದ್ರೆ ನೀನು ಹೊರಡ್ತಿರ್ಲಿಲ್ಲ, ಅದಕ್ಕೇ ಚೀಲ ತುಂಬ್ಕೊಂಡೆ.”

ಈಗ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. ಜೆಟ್ಟಿಗಲ್ಲ, ಕಡಲ ದಂಡೆಗೆ. ಚೀಲ ಇನ್ನೂ ಮೂರು ಇದೆಯಂತೆ. ಇಲ್ಲ, ಎರಡು ಗಂಟೆಯ ಫೆರಿಗೇ ಹೊರಡುವುದು, ಖಂಡಿತ, ಎಂದಿದ್ದೇನೆ. ಸರಿ ಅಂದಳು ಅಮ್ಮ, ಅಲ್ಲಿವರೆಗೆ ಒಂದು ಗಂಟೆ ಇದೆಯಲ್ಲ, ಬಂದದ್ದೇ ಗಾಳಿಗೆ, ಕ್ವಾನಕ್ಕನೂ ಬರುತ್ತಾಳೆ, ಪುಸ್ತಕ ಮುಚ್ಚು ಅಂತ