ನೋಲಾ ಮೂರನೆಯವಳಾಗಬೇಕಿತ್ತು

ಕಾರ್ನಿ ಬೇ, ಟಾಸ್ಮೇನಿಯಾ
ಆಗಸ್ಟ್ 11, 1991

ಪ್ರೀತಿಯ ನೋಲಾ,

ಮೀನುಗಾರರ ಸಂಘಕ್ಕೆ ನೀನು ಅಧ್ಯಕ್ಷೆಯಾದದ್ದಕ್ಕೆ ಅಭಿನಂದನೆ. ನಿನ್ನೆ ಎಲ್ಲರೂ ನಿನ್ನ ಕೈ ಕುಲುಕುತ್ತಿದ್ದಾಗ ನಾನು ಒಳಗೆ ಚಹಾದ ಕಪ್ಪುಗಳನ್ನು ತೊಳೆಯುತ್ತಿದ್ದೆ. ತೊಳೆದವನ್ನೇ ಮತ್ತೆ ತೊಳೆದೆ. ನಿನ್ನ ಆ ನೀಲಿ ಕೋಟು ನಿನಗೆ ಒಪ್ಪುತ್ತದೆ, ಅದೇ ನನಗೆ ತಡೆಯಲಾಗದ್ದು.

ಶಾಲೆಯಲ್ಲೂ ಹೀಗೆಯೇ. ನಾನು ಒದ್ದಾಡಿ ಮಾಡಿದ್ದನ್ನು ನೀನು ನಗುನಗುತ್ತಾ ಮಾಡಿಬಿಡುತ್ತಿದ್ದೆ. ನಿನ್ನ ಗಂಡ ತೀರಿಕೊಂಡ ಮೇಲೆ ಅವನ ದೋಣಿಯನ್ನು ನೀನೇ ನಡೆಸಿದೆ, ಊರು ಹೊಗಳಿತು. ನನ್ನ ಕ್ಲೈವ್ ಊಟಕ್ಕೆ ಕೂತರೂ ಅದೇ ಮಾತು. "ಇವತ್ತು ಆ ಗಾಳೀಲೂ ನೋಲಾ ದೋಣಿ ಇಳಿಸಿದ್ಲು, ಗೊತ್ತಾ?" ನಾನು ಆಲೂಗಡ್ಡೆ ಬಡಿಸುತ್ತಿದ್ದೆ.

ಈ ಸಲದ ಚುನಾವಣೆಯಲ್ಲಿ ಅವನು ನಿನ್ನನ್ನು ಸೋಲಿಸಬೇಕೆಂದು ನನಗೆ ಹಟ ಹಿಡಿಯಿತು. ನಿಂತವರು ನೀವಿಬ್ಬರು, ಮತ್ತೆ ನಾವು ದೋಣಿ ಕಟ್ಟುವ ಧಕ್ಕೆಯನ್ನು ಹೋಟೆಲಿನವರಿಗೆ ಮಾರಲು ಹೊರಟ ವಾರಿಕ್. ಮೂವರಿಗೂ ಒಂದು, ಎರಡು, ಮೂರು ಎಂದು ಅಂಕಿ ಹಾಕಬೇಕಲ್ಲ. ‘ಒಂದು’ ಎಲ್ಲರಿಗಿಂತ ಕಡಿಮೆ ಬಿದ್ದವರು ಹೊರಗೆ, ಅವರಿಗೆ ಬಿದ್ದ ಚೀಟಿಗಳು ಅದರಲ್ಲಿ ‘ಎರಡು’ ಎಂದು ಬರೆದವರಿಗೆ. ವಾರಿಕ್ ಮೊದಲು ಹೊರಬಿದ್ದರೆ ನೀನೇ ಗೆಲ್ಲುತ್ತೀಯ ಎಂದು ನನಗೆ ಗೊತ್ತಿತ್ತು. ವಾರಿಕ್ ಕಡೆಯವರು ಮರಿ ಮೀನು ಹಿಡಿದದ್ದನ್ನು ಅಧಿಕಾರಿಗಳಿಗೆ ಹೇಳಿದವನು ಕ್ಲೈವ್, ಅವರು ಅವನಿಗೆ ‘ಎರಡು’ ಕೂಡ ಹಾಕುವುದಿಲ್ಲ. ನೀನು ಮೊದಲು ಹೊರಬಿದ್ದರೆ? ನಿನ್ನವರು ಧಕ್ಕೆ ಮಾರುವವನಿಗೆ ಸತ್ತರೂ ಹಾಕರು. ಎಲ್ಲ ಕ್ಲೈವ್‌ಗೇ.

ಅದಕ್ಕೆ ನಮ್ಮ ಕಡೆಯ ಆರು ಜನರ ಮನೆಗೆ ಪೈ ಮಾಡಿಕೊಂಡು ಹೋದೆ. ವಾರಿಕ್‌ಗೆ ಒಂದು, ಕ್ಲೈವ್‌ಗೆ ಎರಡು ಹಾಕಿ ಎಂದೆ.

"ತಲೆ ಕೆಟ್ಟಿದ್ಯಾ ಐವಿ? ಗಂಡನ್ನ ಗೆಲ್ಲಿಸೋಕೆ ಆ ಕಳ್ಳನಿಗೆ ಹಾಕ್ಬೇಕಾ?" ಎಂದ ಮುದುಕ ಮರ್ವಿನ್.

"ಅವನು ನೋಲಾಗಿಂತ ಒಂಚೂರು ಮುಂದೆ ಬಂದ್ರೆ ಸಾಕು."

"ಧಕ್ಕೆ ಹೋದ್ರೆ ನನ್ನ ದೋಣೀನ ನಿನ್ನ ಬಚ್ಚಲಲ್ಲೇ ಕಟ್ತೀನಿ, ನೋಡು," ಎಂದು ಪೈ ತಿಂದು ಒಪ್ಪಿದ.

ನಿನ್ನೆ ಎಣಿಸಿದಾಗ ವಾರಿಕ್‌ಗೆ ಇಪ್ಪತ್ತನಾಲ್ಕು, ನಿನಗೆ ಹತ್ತೊಂಬತ್ತು, ಕ್ಲೈವ್‌ಗೆ ಹದಿನೆಂಟು. ಒಂದೇ ಮತದಿಂದ ನನ್ನ ಗಂಡ ಹೊರಗೆ. ಅವನವರೆಲ್ಲ ನಿನ್ನ ಕಡೆ ಬಂದರು, ಧಕ್ಕೆ ಉಳಿಯಿತು. ನಾನು ಸುಮ್ಮನಿದ್ದರೂ ವಾರಿಕ್ ಮೊದಲು ಹೊರಬಿದ್ದು ನೀನೇ ಗೆಲ್ಲುತ್ತಿದ್ದೆ. ಆದರೆ ಕ್ಲೈವ್ ಎರಡನೆಯವನಾಗಿ ಮರ್ಯಾದೆಯಿಂದ ಸೋಲುತ್ತಿದ್ದ. ಮರ್ವಿನ್ ಬಿಯರ್ ಕುಡಿದು ನಿನಗೆ ಹೇಳಿಯೇ ಹೇಳುತ್ತಾನೆಂದು ನಾನೇ ಬರೆಯುತ್ತಿದ್ದೇನೆ. ಕ್ಷಮೆ ಕೇಳುತ್ತಿಲ್ಲ. ಸ್ವಲ್ಪ ದಿನ ನಮ್ಮ ಮನೆಯ ಕಡೆ ಬರಬೇಡ.

ಇಷ್ಟಾದರೂ ನಿನ್ನ ಗೆಳತಿ,
ಐವಿ

ತಾ.ಕ.: ಇದನ್ನು ಅಂಚೆಗೆ ಹಾಕುವ ಮೊದಲು ಕ್ಲೈವ್‌ಗೆ ಎಲ್ಲ ಹೇಳಿ ಅತ್ತುಬಿಟ್ಟೆ. ಅವನು ಬೂಟು ಹಾಕಿಕೊಳ್ಳುತ್ತಾ, "ಅಳ್ಬೇಡ ಕಣೆ, ನಿನ್ನ ಲೆಕ್ಕ ಸರಿಯಾಗೇ ಇತ್ತು. ನಾನು ಒಂದು ಅಂತ ಹಾಕಿದ್ದು ನೋಲಾಗೆ," ಎಂದ. ತನಗೇ ಹಾಕಿಕೊಂಡಿದ್ದರೆ ಅವನಿಗೆ ಹತ್ತೊಂಬತ್ತು, ನಿನಗೆ ಹದಿನೆಂಟಾಗಿ ನೀನು ಹೊರಗಿರುತ್ತಿದ್ದೆ, ಅವನೇ ಗೆಲ್ಲುತ್ತಿದ್ದ. ಯಾಕೆ ಎಂದು ಕೇಳಿದೆ. ಬೂಟಿನ ದಾರ ಬಿಗಿದು ದೋಣಿಗೆ ಹೋದ. ನಿನಗೆ ಗೊತ್ತಿದ್ದರೆ ಬರೆ.