ಹದಿನೇಳನೆಯ ಪ್ರಶ್ನೆಗೆ ಅರವತ್ತೊಂದು ಸೊನ್ನೆ

ನಗರ ವಿಸ್ತರಣಾ ಪ್ರಾಧಿಕಾರದ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಊರಂಚಿನ ಜೌಗಿಗೆ ಮಣ್ಣು ತುಂಬಿಸಿ ಲಾರಿ ನಿಲ್ದಾಣ ಕಟ್ಟಲು ನೀವು ಹೊರಡಿಸಿರುವ ಕರಡು ಆದೇಶದ ನಾಲ್ಕನೇ ಪುಟದಲ್ಲಿ ಒಂದು ವಾಕ್ಯವಿದೆ: 'ಸುತ್ತಲಿನ ಶೇಕಡಾ ನಲವತ್ತಮೂರು ಕುಟುಂಬಗಳ ದೃಷ್ಟಿಯಲ್ಲಿ ಈ ಜೌಗಿನ ಮೌಲ್ಯ ಸೊನ್ನೆ.' ಆಧಾರವೆಂದು ಒಬ್ಬ ವಿದ್ಯಾರ್ಥಿನಿಯ ಸ್ನಾತಕೋತ್ತರ ಪ್ರಬಂಧವನ್ನು ತೋರಿಸಿದ್ದೀರಿ. ಆ ವಿದ್ಯಾರ್ಥಿನಿ ನಾನೇ. ಆ ವಾಕ್ಯ ಸುಳ್ಳು. ಸುಳ್ಳಿನಲ್ಲಿ ಅರ್ಧ ಪಾಲು ನನ್ನದು, ಅದನ್ನಿಲ್ಲಿ ಒಪ್ಪಿಕೊಳ್ಳುತ್ತೇನೆ. ಉಳಿದರ್ಧ ನಿಮ್ಮದು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಹವಾಲು ಸಭೆ, ಶುಕ್ರವಾರದಿಂದ ಮಣ್ಣು ಸುರಿಯುವ ಕೆಲಸ. ಜನರ ಮಾತು ಕೇಳುವ ಮೊದಲೇ ಲಾರಿಗಳಿಗೆ ಹೇಳಿಟ್ಟಿರುವ ನಿಮ್ಮ ಮುಂದಾಲೋಚನೆ ಮೆಚ್ಚತಕ್ಕದ್ದೇ. ನನಗೆ ಮಾತ್ರ ಸುತ್ತಿ ಬಳಸಿ ಹೇಳಲು ಸಮಯವಿಲ್ಲ.

ನಾನು ಓದಿದ್ದು ಪರಿಸರ ಅರ್ಥಶಾಸ್ತ್ರ. ಮೊದಲ ದಿನ ನಮ್ಮ ಮೇಡಂ ಹಲಗೆಯ ಮೇಲೆ ಒಂದು ದೊಡ್ಡ ವೃತ್ತ, ಅದರೊಳಗೆ ಒಂದು ಚಿಕ್ಕ ವೃತ್ತ ಬರೆದರು. "ದೊಡ್ಡದು ಭೂಮಿ, ಚಿಕ್ಕದು ನಮ್ಮ ವ್ಯಾಪಾರ ವಹಿವಾಟು. ಒಳಗಿರೋದು ಹೊರಗಿರೋದಕ್ಕಿಂತ ದೊಡ್ಡದಾಗೋಕೆ ಆಗಲ್ಲ. ಎರಡು ವರ್ಷ ನಾವು ಓದೋದು ಇಷ್ಟೇ" ಅಂದರು. ಇಷ್ಟಕ್ಕೆ ಎರಡು ವರ್ಷ ಯಾಕೆ ಎಂದು ಹಿಂದಿನ ಬೆಂಚಿನವರು ನಕ್ಕರು. ನಾನೂ ನಕ್ಕೆ. ಆ ಎರಡು ವೃತ್ತಗಳು ನಿಮ್ಮ ಕಚೇರಿಯ ಮೂರನೇ ಮಹಡಿ ಹತ್ತಲು ಎರಡು ವರ್ಷವೂ ಸಾಲದು ಎಂದು ಆಗ ಗೊತ್ತಿರಲಿಲ್ಲ.

ನನ್ನನ್ನು ಸಾಕಿದ ಚಿಕ್ಕಮ್ಮ ಆ ಜೌಗಿನ ಜೊಂಡಿನಿಂದ ಚಾಪೆ ಹೆಣೆಯುತ್ತಾಳೆ. ನಾನು ಓದಿ ಬರೆದದ್ದೆಲ್ಲ ಅಂಥ ಚಾಪೆಗಳ ಮೇಲೆ ಕೂತೇ, ಮನೆಯಲ್ಲಿ ಮೇಜಿರಲಿಲ್ಲ. ಜೊಂಡು ಕೊಯ್ಯುವ ಮನೆಗಳವರು ಜೌಗನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡಿದ್ದಾರೆ. ಪ್ರತಿ ವರ್ಷ ಮೂರರಲ್ಲೊಂದು ಪಟ್ಟಿಗೆ ಯಾರೂ ಕುಡುಗೋಲು ಹಾಕುವುದಿಲ್ಲ. ಬೇರು ಚೇತರಿಸಿಕೊಳ್ಳಲಿ, ಹಕ್ಕಿಗಳು ಮೊಟ್ಟೆಯಿಡಲಿ ಎಂದು ಬಿಡುತ್ತಾರೆ. ನಿಮ್ಮ ನಕ್ಷೆಯಲ್ಲಿ ಸರಿಯಾಗಿ ಆ ಪಟ್ಟಿಗಳಿಗೇ ಹಳದಿ ಬಳಿದು 'ಬಳಕೆಯಿಲ್ಲದ ಭೂಮಿ' ಎಂದು ಬರೆಯಲಾಗಿದೆ. ಬೇಕೆಂದೇ ಬಿಟ್ಟದ್ದನ್ನು ಬೇಡವಾಗಿ ಬಿಟ್ಟದ್ದು ಎಂದು ಓದಲು ನಿಮ್ಮ ನಕ್ಷೆಕಾರರಿಗೆ ಯಾರು ಕಲಿಸಿದರು? ಒಮ್ಮೆ ಕೆಳಗಿಳಿದು ಬಂದು ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಪ್ರಬಂಧಕ್ಕಾಗಿ ಜೌಗಿನ ಸುತ್ತ ನೂರ ನಲವತ್ತೆರಡು ಮನೆಗಳ ಬಾಗಿಲು ತಟ್ಟಿದೆ. ಹದಿನೇಳನೆಯ ಪ್ರಶ್ನೆ ಹೀಗಿತ್ತು: 'ಈ ಜೌಗು ಹೀಗೇ ಉಳಿಯಲು ನಿಮ್ಮ ಕುಟುಂಬ ತಿಂಗಳಿಗೆ ಎಷ್ಟು ಹಣ ಕೊಡಲು ಸಿದ್ಧ?' ಚಿಕ್ಕಮ್ಮ ಕೈಯಲ್ಲಿದ್ದ ಜೊಂಡನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. "ಎಷ್ಟು ಕೊಡ್ತೀಯ ಅಂದ್ರೆ ಏನೇ ಅರ್ಥ? ಅದಕ್ಕೆ ಬೆಲೆ ಕಟ್ಟೋಕೆ ನಾನ್ಯಾರು, ನೀನ್ಯಾರು? ಹೇಳಲ್ಲ ಅಂದ್ಲು ಅಂತ ಬರ್ಕೋ." ದೋಣಿಯವನು, "ನೀರಿಗೆ ಬಾಡಿಗೆ ಕೇಳೋಕೆ ಬಂದ್ಯಾ?" ಅಂದ. ನಿವೃತ್ತ ಮೇಷ್ಟ್ರು ಹಾಳೆಯನ್ನು ವಾಪಸ್ ಕೊಟ್ಟು, "ಪ್ರಶ್ನೆನೇ ತಪ್ಪಮ್ಮ, ಉತ್ತರ ಬರೆದವರಿಗೆಲ್ಲ ಪೂರ್ತಿ ಅಂಕ ಕೊಟ್ಬಿಡು" ಅಂದರು. ಹೀಗೆ ಅರವತ್ತೊಂದು ಮನೆಗಳವರು, ಎಂದರೆ ನಿಮ್ಮ ಆ ಶೇಕಡಾ ನಲವತ್ತಮೂರು, ಅಂಕಿ ಹೇಳಲು ಒಪ್ಪಲೇ ಇಲ್ಲ.

ಪ್ರಶ್ನೆಯನ್ನೇ ತಿರಸ್ಕರಿಸಿದವರನ್ನು ಸೊನ್ನೆ ಎಂದು ಬರೆಯಬಾರದು, ಬೇರೆಯಾಗಿ ಇಡಬೇಕು ಎಂದು ಮೇಡಂ ಮೂರು ತರಗತಿಗಳಲ್ಲಿ ಹೇಳಿದ್ದರು. ಆದರೆ ಉತ್ತರಗಳನ್ನು ಕಂಪ್ಯೂಟರಿಗೆ ತುಂಬುವಾಗ ಖಾನೆ ಖಾಲಿ ಬಿಟ್ಟರೆ ಅದು ಮುಂದಿನ ಪುಟಕ್ಕೆ ಬಿಡುತ್ತಿರಲಿಲ್ಲ, ಸೊನ್ನೆ ಒತ್ತಿದರೆ ಬಿಡುತ್ತಿತ್ತು. ಆಮೇಲೆ ಬೇರ್ಪಡಿಸಿದರಾಯಿತು ಎಂದು ಒತ್ತುತ್ತಾ ಹೋದೆ. ಸಲ್ಲಿಸುವ ದಿನ ತಲೆಯ ಮೇಲೆ ಬಂದು ಕೂತಾಗ ಕೋಷ್ಟಕವನ್ನು ಹಾಗೇ ಬಿಟ್ಟು, ತೊಂಬತ್ತನಾಲ್ಕನೇ ಪುಟದಲ್ಲಿ 'ಈ ಸೊನ್ನೆಗಳು ನಿರಾಕರಣೆಗಳು, ಬೆಲೆಯಲ್ಲ' ಎಂದು ಅಡಿಟಿಪ್ಪಣಿ ಬರೆದು ಕೈತೊಳೆದುಕೊಂಡೆ. ಚಿಕ್ಕಮ್ಮನ ಸೊನ್ನೆಯನ್ನೂ ಈ ಬೆರಳಿನಿಂದಲೇ ಒತ್ತಿದೆ. ಪ್ರಬಂಧಕ್ಕೆ ಉತ್ತಮ ದರ್ಜೆ ಬಂತು.

ನಿಮ್ಮ ಕರಡು ಆದೇಶದ ಪ್ರತಿ ನಮ್ಮ ಮನೆಗೂ ಬಂತು. ಪಕ್ಕದ ಮನೆಯಾಕೆ ಅದನ್ನು ಓದಿ ಹೇಳುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: "ನಾನು ಸೊನ್ನೆ ಅಂತ ಯಾವಾಗ ಹೇಳಿದ್ನೇ?" ಅವತ್ತಿನಿಂದ ಒಂಬತ್ತು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಬಡಿಸುತ್ತಿದ್ದಳು, ತಟ್ಟೆ ಎತ್ತುತ್ತಿದ್ದಳು, ಹೆಣಿಗೆಗೆ ಕೂರುತ್ತಿದ್ದಳು. ಬೈದಿದ್ದರೆ ಸಹಿಸಬಹುದಿತ್ತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ತಪ್ಪು ತಿದ್ದಿಕೊಳ್ಳೋಣವೆಂದೇ ಕಳೆದ ಸೋಮವಾರ ನಿಮ್ಮ ಕೊಠಡಿಗೆ ಬಂದೆ. ನೆನಪಿರಬೇಕು, ನೀವು ಕೂರಲು ಹೇಳಲಿಲ್ಲ. ನನ್ನ ಪ್ರಬಂಧ ನಿಮ್ಮ ಮೇಜಿನ ಮೇಲೆ ತೆರೆದೇ ಇತ್ತು, ಅದೂ ತೊಂಬತ್ತನಾಲ್ಕನೇ ಪುಟಕ್ಕೆ. ಅಡಿಟಿಪ್ಪಣಿಯ ಕೆಳಗೆ ಪೆನ್ಸಿಲ್ಲಿನ ಗೆರೆ. ಹಾಗಾದರೆ ನೀವು ಅದನ್ನು ಓದಿದ್ದಿರಿ. ಓದಿಯೂ ಆ ವಾಕ್ಯ ಬರೆಸಿದಿರಿ. ನಾನು ಬೆರಳಿಟ್ಟು ತೋರಿಸಿದಾಗ ನೀವು ನಗುತ್ತಲೇ ಅಂದಿರಿ: "ಸಂಖ್ಯೆ ತಪ್ಪು ಅಂತೀರಾ? ಹಾಗಾದ್ರೆ ಆ ಸಂಖ್ಯೆ ಕೊಟ್ಟು ತಗೊಂಡ ಪದವೀನೂ ತಪ್ಪೇ ಅಲ್ವೇನಮ್ಮಾ? ವಿಶ್ವವಿದ್ಯಾಲಯಕ್ಕೆ ನಾನೊಂದು ಕಾಗದ ಬರೀಬೇಕಾಗುತ್ತೆ. ಯೋಚನೆ ಮಾಡಿ."

ಯೋಚನೆ ಮಾಡಿದೆ, ಮಾನ್ಯರೇ. ಹೆದರಿದ್ದೆ, ಅದನ್ನೂ ಮುಚ್ಚಿಡುವುದಿಲ್ಲ. ನಿಮಗೆ ಕಾಗದದ ಖರ್ಚು ಬೇಡವೆಂದು ನಿನ್ನೆ ನಾನೇ ವಿಶ್ವವಿದ್ಯಾಲಯಕ್ಕೆ ಬರೆದಿದ್ದೇನೆ. ಕೋಷ್ಟಕ ತಪ್ಪಾಗಿದೆ, ತಿದ್ದಿದ್ದು ಜೊತೆಗಿದೆ, ಪದವಿಯ ವಿಷಯದಲ್ಲಿ ವಿಶ್ವವಿದ್ಯಾಲಯಕ್ಕೆ ತೋಚಿದಂತೆ ಮಾಡಲಿ ಎಂದು. ಎರಡು ವರ್ಷದ ಓದು ಕೈಬಿಟ್ಟು ಹೋದರೆ ನನಗೆ ಅಳು ಬರುತ್ತದೆ. ಆದರೆ ಆ ಓದನ್ನು ಹಿಡಿದುಕೊಂಡೇ ನೀವು ಜೌಗು ಮುಚ್ಚುವುದನ್ನು ನೋಡುತ್ತಾ ಕೂರಲಾರೆ.

ಈ ಪತ್ರದ ಜೊತೆ ನಿಮಗೂ ಒಂದು ಸಮೀಕ್ಷೆಯ ಹಾಳೆ ಇಟ್ಟಿದ್ದೇನೆ. ಅದರಲ್ಲಿರುವುದು ಒಂದೇ ಪ್ರಶ್ನೆ: 'ನಿಮ್ಮನ್ನು ಸಾಕಿದವರು ನಿಮ್ಮ ಜೊತೆ ಮಾತು ಬಿಡದಿರಲು ತಿಂಗಳಿಗೆ ಎಷ್ಟು ಹಣ ಕೊಡಲು ಸಿದ್ಧರಿದ್ದೀರಿ?' ದಯವಿಟ್ಟು ಅಂಕಿಯಲ್ಲೇ ತುಂಬಿ. ಸಿಟ್ಟು ಬಂದು ಹಾಳೆ ಹರಿದು ಬಿಸಾಡಿದರೆ ನಾನು ಬೇಸರಪಟ್ಟುಕೊಳ್ಳುವುದಿಲ್ಲ. ನಿಮ್ಮದೇ ನಿಯಮದ ಪ್ರಕಾರ, ನಿಮ್ಮ ದೃಷ್ಟಿಯಲ್ಲಿ ಅವರ ಮೌಲ್ಯ ಸೊನ್ನೆ ಎಂದು ಬರೆದುಕೊಳ್ಳುತ್ತೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ನಾಲ್ಕನೇ ಪುಟದ ಆ ವಾಕ್ಯವನ್ನು ತೆಗೆಯಿರಿ. ಅದರ ಜಾಗದಲ್ಲಿ ಅರವತ್ತೊಂದು ಮನೆಗಳವರು ಆಡಿದ, ನನ್ನ ಸಮೀಕ್ಷೆಯ ಹಾಳೆಗಳಲ್ಲಿ ಬರೆದಿಟ್ಟಿರುವ ಮಾತುಗಳನ್ನು, ಒಂದಕ್ಷರ ಬಿಡದೆ, ಸೇರಿಸಿ. ಗುರುವಾರ ಸಭೆಯಲ್ಲಿ ಅವನ್ನು ಗಟ್ಟಿಯಾಗಿ ಓದಿಸಿ. ಅದನ್ನೆಲ್ಲ ಕೇಳಿ ಹೊಸದಾಗಿ ತೀರ್ಮಾನ ಮಾಡುವವರೆಗೂ ಒಂದು ಲಾರಿ ಮಣ್ಣೂ ಅಲ್ಲಿ ಬೀಳಕೂಡದು. ಓದಲು ನಿಮ್ಮ ಸಿಬ್ಬಂದಿಗೆ ಪುರುಸೊತ್ತಿಲ್ಲದಿದ್ದರೆ, ಹೇಳಿದವರೇ ಬಂದು ಹೇಳಲಿ.

ಪತ್ರಿಕೆಗೆ ಕಳಿಸುವ ಮೊದಲು ಇದನ್ನು ಚಿಕ್ಕಮ್ಮನ ಎದುರು ಕೂತು ಓದಿದೆ. ಮುಗಿದಾಗ ಅವಳು ಚಾಪೆಗೆ ಇನ್ನೊಂದು ಜೊಂಡನ್ನು ಸೇರಿಸಿ ಹೆಣೆದಳು. ಆಮೇಲೆ ತಲೆಯೆತ್ತದೆ, ಒಂಬತ್ತು ದಿನಗಳ ಮೇಲೆ ಮೊದಲ ಮಾತಾಗಿ ಕೇಳಿದಳು: "ಗುರುವಾರ ಎಷ್ಟು ಗಂಟೆಗೆ ಅಂದೆ?"

ಇಂತಿ,
ಕೇಳಿಸಿಕೊಂಡದ್ದನ್ನು ಬಿಟ್ಟು ಸೊನ್ನೆ ಬರೆದವಳು,
ಸದ್ಯಕ್ಕೆ ಪದವೀಧರೆ